ಬೀದರ್ ಮದರಸಾ, ನಾಗಾವಿ, ಜ್ಞಾನಗಂಗೆ: ಮೂರು ವಿದ್ಯಾಪೀಠಗಳನ್ನು ನಡೆದು ನೋಡುವ ಕ್ರಮ

ಬೀದರ್‌ಗೆ ಬರುವ ಪ್ರವಾಸಿಗರಲ್ಲಿ ಹೆಚ್ಚಿನವರು ಮಹಮೂದ್ ಗವಾನ್ ಮದರಸಾವನ್ನು ಕೋಟೆಗೆ ಹೋಗುವ ದಾರಿಯಲ್ಲಿನ ಸಣ್ಣ ನಿಲುಗಡೆಯೆಂದು ಎಣಿಸುತ್ತಾರೆ. ಉಳಿದಿರುವ ಒಂದೇ ಮಿನಾರಿನ ಮುಂದೆ ನಿಂತು ಫೋಟೊ ತೆಗೆಸಿಕೊಂಡು, ಅಂಗಳಕ್ಕೆ ಒಮ್ಮೆ ಇಣುಕಿ, ಆಟೋ ಹತ್ತಿಬಿಡುತ್ತಾರೆ. ಹೀಗೆ ನೋಡಿದವರಿಗೆ ಕಟ್ಟಡ ಕಂಡಿರುತ್ತದೆ, ವಿದ್ಯಾಪೀಠ ಕಂಡಿರುವುದಿಲ್ಲ. ವಿದ್ಯಾರ್ಥಿಗಳು ಉಂಡು, ಮಲಗಿ, ಓದಿ, ವಾದಿಸಿದ ಸ್ಥಳವನ್ನು ನೋಡುವಾಗ ನಾಲ್ಕು ಪ್ರಶ್ನೆಗಳನ್ನು ಕೈಯಲ್ಲಿ ಹಿಡಿದುಕೊಂಡು ಹೋಗಬೇಕು: ಪಾಠ ಎಲ್ಲಿ ನಡೆಯುತ್ತಿತ್ತು, ಓದುವವರು ಎಲ್ಲಿ ವಾಸವಾಗಿದ್ದರು, ಪುಸ್ತಕ ಎಲ್ಲಿತ್ತು, ಖರ್ಚು ಯಾರದು. ಈ ನಾಲ್ಕಕ್ಕೆ ಉತ್ತರ ಹುಡುಕುತ್ತ ನಡೆದರೆ ಐನೂರು ವರ್ಷದ ಮದರಸಾವೂ ಸಾವಿರ ವರ್ಷದ ಘಟಿಕಾಸ್ಥಾನವೂ (ಹಳೆಯ ಕಾಲದ ಉನ್ನತ ವಿದ್ಯಾಕೇಂದ್ರ) ಇಂದಿನ ವಿಶ್ವವಿದ್ಯಾಲಯದ ಆವರಣವೂ ಒಂದೇ ಬಗೆಯ ನೋಟಕ್ಕೆ ಸಿಗುತ್ತವೆ. ಕಾಲೇಜು ವಿದ್ಯಾರ್ಥಿಗಳನ್ನು ಕರೆದುಕೊಂಡು ಹೋಗುವ ಅಧ್ಯಾಪಕರನ್ನೂ, ಮನೆಮಂದಿಯೊಡನೆ ಹೊರಡುವವರನ್ನೂ ಮನಸ್ಸಿನಲ್ಲಿಟ್ಟುಕೊಂಡು ಈ ಮಾರ್ಗದರ್ಶಿಯನ್ನು ಬರೆಯಲಾಗಿದೆ.

ಹೊರಡುವ ಮುನ್ನ

ಒಂದೇ ದಿನ ಬಿಡುವಿದ್ದರೆ ಬೀದರ್ ಮಾತ್ರ ಸಾಕು. ಎರಡನೆಯ ದಿನವೂ ಸಿಕ್ಕರೆ ಕಲಬುರಗಿ ಜಿಲ್ಲೆಯ ನಾಗಾವಿಯನ್ನೂ ಗುಲಬರ್ಗಾ ವಿಶ್ವವಿದ್ಯಾಲಯದ ಜ್ಞಾನಗಂಗೆ ಆವರಣವನ್ನೂ ಸೇರಿಸಿಕೊಳ್ಳಬಹುದು. ಮೂರನ್ನೂ ಒಂದೇ ದಿನದಲ್ಲಿ ಮುಗಿಸುವ ಹಟ ಬೇಡ, ಏಕೆಂದರೆ ದಿನದ ಬಹುಪಾಲು ವಾಹನದಲ್ಲಿಯೇ ಕಳೆದುಹೋಗುತ್ತದೆ. 2017ರಲ್ಲಿ ಕಲಬುರಗಿ–ಬೀದರ್ ರೈಲುಮಾರ್ಗ ತೆರೆದ ಮೇಲೆ ಎರಡು ಊರುಗಳ ನಡುವಿನ ಓಡಾಟ ಸುಲಭವಾಗಿದೆ. ಹುಮನಾಬಾದ್ ಮೇಲಿನ ರಸ್ತೆಯೂ ಇದೆ.

ಮದರಸಾದ ಮುಂಭಾಗ ಪೂರ್ವಕ್ಕೆ ಮುಖ ಮಾಡಿದೆ. ಗೋಡೆಯ ಮೇಲೆ ಉಳಿದಿರುವ ಬಣ್ಣದ ಹೆಂಚುಗಳು ಬೆಳಗಿನ ಬಿಸಿಲಿನಲ್ಲಿ ಮಾತ್ರ ಸರಿಯಾಗಿ ಕಾಣುತ್ತವೆ, ಮಧ್ಯಾಹ್ನ ದಾಟಿದ ಮೇಲೆ ಆ ಭಾಗವೆಲ್ಲ ನೆರಳಿಗೆ ಸರಿಯುತ್ತದೆ. ಆದ್ದರಿಂದ ಹಿಂದಿನ ರಾತ್ರಿಯೇ ಬೀದರ್ ತಲುಪಿ ಬೆಳಗ್ಗೆ ಬೇಗ ಹೊರಡುವುದು ಒಳ್ಳೆಯದು. ನವೆಂಬರ್‌ನಿಂದ ಫೆಬ್ರುವರಿವರೆಗಿನ ತಿಂಗಳುಗಳು ಹಿತವಾಗಿರುತ್ತವೆ. ಏಪ್ರಿಲ್–ಮೇ ತಿಂಗಳ ಬಿಸಿಲಿನಲ್ಲಿ ಈ ಭಾಗದಲ್ಲಿ ಕಲ್ಲಿನ ಅಂಗಳದ ಮೇಲೆ ಹತ್ತು ಗಂಟೆಯ ನಂತರ ನಿಲ್ಲುವುದೇ ಕಷ್ಟ. ನೀರು, ಟೋಪಿ, ನೋಟ್‌ಬುಕ್ ಇವುಗಳ ಜೊತೆಗೆ ಉದ್ದನೆಯ ಅಳತೆ ಟೇಪು ಒಂದಿರಲಿ. ದುರ್ಬೀನು ಇದ್ದರೆ ಮಿನಾರಿನ ಮೇಲ್ಭಾಗ ನೋಡಲು ಬಹಳ ಉಪಯೋಗವಾಗುತ್ತದೆ.

ಮದರಸಾ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ರಕ್ಷಣೆಯಲ್ಲಿದೆ. ಇಂತಹ ಸ್ಮಾರಕಕ್ಕೆ ಹಾನಿ ಮಾಡಿದವರಿಗೆ 2010ರ ತಿದ್ದುಪಡಿಯ ನಂತರ ಎರಡು ವರ್ಷಗಳವರೆಗೆ ಸೆರೆವಾಸ, ಒಂದು ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡನ್ನೂ ವಿಧಿಸಬಹುದು. ಗೋಡೆಯ ಮೇಲೆ ಹೆಸರು ಕೆತ್ತುವ ಚಪಲವಿರುವ ಹುಡುಗರಿಗೆ ಬಸ್ಸಿನಿಂದ ಇಳಿಯುವ ಮೊದಲೇ ಈ ಮಾತನ್ನು ಹೇಳಿಬಿಡಬೇಕು.

ಒಂದನೆಯ ಹೆಜ್ಜೆ: ಚೌಬಾರಾದಿಂದ ನಡೆದೇ ಬನ್ನಿ

ವಾಹನವನ್ನು ಮದರಸಾದ ಬಾಗಿಲಿಗೆ ಒಯ್ಯದೆ ಚೌಬಾರಾದ ಬಳಿ ಇಳಿಯಿರಿ. ಹಳೆಯ ಊರಿನ ನಡುವೆ ನಾಲ್ಕು ರಸ್ತೆ ಕೂಡುವಲ್ಲಿ ನಿಂತಿರುವ, ಸುಮಾರು 71 ಅಡಿ ಎತ್ತರದ ಈ ದುಂಡು ಕಾವಲು ಗೋಪುರದಿಂದ ಕೋಟೆಯ ಕಡೆಗೆ ಹೋಗುವ ರಸ್ತೆಯಲ್ಲಿಯೇ ಮದರಸಾ ಇದೆ. ಕೆಲವೇ ನಿಮಿಷಗಳ ಈ ನಡಿಗೆಯಿಂದ ಒಂದು ಸಂಗತಿ ಸ್ಪಷ್ಟವಾಗುತ್ತದೆ. ವಿದ್ಯಾಪೀಠವನ್ನು ಊರ ಹೊರಗಿನ ಬಯಲಿಗೆ ತಳ್ಳದೆ, ಪೇಟೆಗೂ ಅರಮನೆಗೂ ನಡುವೆ, ಎಲ್ಲರೂ ದಿನವೂ ಹಾದುಹೋಗುವ ದಾರಿಯ ಮೇಲೆ ಕಟ್ಟಲಾಗಿತ್ತು. ಅದೇ ರಸ್ತೆಯಲ್ಲಿ ತಖ್ತ್-ಎ-ಕಿರ್ಮಾನಿಯ ಗಾರೆ ಕೆಲಸದ ಬಾಗಿಲೂ ಸಿಗುತ್ತದೆ. ಅದನ್ನು ನೋಡಿಕೊಂಡು ಮುಂದೆ ಸಾಗಬಹುದು.

ಎರಡನೆಯ ಹೆಜ್ಜೆ: ಮೊದಲು ಒಡೆದ ಬದಿಯನ್ನು ನೋಡಿ

ಆವರಣದೊಳಗೆ ಬಂದ ಕೂಡಲೇ ಮಿನಾರು ಕಣ್ಣನ್ನು ಎಳೆಯುತ್ತದೆ. ಅದನ್ನು ಸ್ವಲ್ಪ ಹೊತ್ತು ಬದಿಗಿಟ್ಟು, ಕಟ್ಟಡದ ದಕ್ಷಿಣದ ಕಡೆಗೆ ಸುತ್ತಿಕೊಂಡು ಹೋಗಿ ಎಂಬುದು ಈ ಬರಹದ ಮುಖ್ಯ ಸಲಹೆ.

ಔರಂಗಜೇಬನು 1657ರಲ್ಲಿ ಬೀದರನ್ನು ಗೆದ್ದ ನಂತರ ಮದರಸಾದ ಕೋಣೆಗಳಲ್ಲಿ ಸೈನಿಕರು ಬೀಡುಬಿಟ್ಟು, ಅಲ್ಲಿಯೇ ಸಿಡಿಮದ್ದನ್ನೂ ದಾಸ್ತಾನು ಮಾಡಿದ್ದರು. ಆ ಶತಮಾನದ ಕೊನೆಯ ವರ್ಷಗಳಲ್ಲಿ ಆ ಮದ್ದಿಗೆ ಬೆಂಕಿ ತಗಲಿ ಸ್ಫೋಟವಾಯಿತು. ಸಿಡಿಲು ಬಡಿದು ಹೀಗಾಯಿತೆಂದು ಹೇಳುವವರೂ ಇದ್ದಾರೆ. ಆಗ್ನೇಯ ಮೂಲೆಯ ಮಿನಾರೂ ಮುಂಭಾಗದ ದಕ್ಷಿಣಾರ್ಧವೂ ಕುಸಿದವು. ಹಾನಿ ದೊಡ್ಡದೇ, ಆದರೆ ಕಟ್ಟಡವನ್ನು ಅರ್ಥ ಮಾಡಿಕೊಳ್ಳಬೇಕೆನ್ನುವವನಿಗೆ ಆ ಒಡಕು ಸೀಳಿದ ಹಲಸಿನ ಹಣ್ಣಿನಂತೆ ಒಳಗನ್ನೆಲ್ಲ ತೋರಿಸುತ್ತದೆ. ಮೂರು ಅಂತಸ್ತುಗಳು ಒಂದರ ಮೇಲೊಂದು ಹೇಗೆ ಕುಳಿತಿವೆ, ಕಮಾನಿನ ಭಾರ ಯಾವ ಗೋಡೆಗೆ ಇಳಿಯುತ್ತದೆ, ಹೊರಗಿನಿಂದ ನುಣುಪಾಗಿ ಕಾಣುವ ಗೋಡೆಯ ಹೊಟ್ಟೆಯಲ್ಲಿ ಕಲ್ಲು ಸುಣ್ಣಗಳನ್ನು ಹೇಗೆ ತುಂಬಲಾಗಿದೆ ಎಂಬುದನ್ನು ಇಲ್ಲಿ ನಿಂತು ಬೆರಳು ಮಾಡಿ ತೋರಿಸಬಹುದು. ನೆಲದ ತೇವ ಗೋಡೆಗೆ ಏರದಂತೆ ಬುಡದಲ್ಲಿ ಸೀಸದ ತೆಳು ತಗಡುಗಳನ್ನು ಹಾಸಿದ್ದರೆಂಬುದನ್ನು ಪುರಾತತ್ವಜ್ಞರು ದಾಖಲಿಸಿದ್ದಾರೆ. ಮಳೆಗಾಲದಲ್ಲಿ ತೇವ ಹಿಡಿಯುವ ಗೋಡೆಗಳ ಮನೆಯಲ್ಲಿ ಬೆಳೆದವರಿಗೆ ಈ ಉಪಾಯದ ಬೆಲೆ ತಾನಾಗಿಯೇ ತಿಳಿಯುತ್ತದೆ. ಸಡಿಲ ಕಲ್ಲುಗಳಿರುವ ಕಡೆ ಹತ್ತಬಾರದು, ಕೆಳಗೆ ನಿಂತೇ ನೋಡಬೇಕು.

ಮೂರನೆಯ ಹೆಜ್ಜೆ: ಮುಂಭಾಗ ಮತ್ತು ಮಿನಾರು

ಈಗ ಪೂರ್ವಕ್ಕೆ ಬಂದು, ಗೋಡೆಯಿಂದ ಸಾಕಷ್ಟು ಹಿಂದೆ ಸರಿದು ನಿಲ್ಲಿ. ಈಶಾನ್ಯ ಮೂಲೆಯ ಮಿನಾರು ಸುಮಾರು 131 ಅಡಿ ಎತ್ತರವಿದೆ. ಅದರ ದುಂಡು ಮೈಯನ್ನು ಒಮ್ಮೆಲೇ ನೋಡದೆ ಕೆಳಗಿನಿಂದ ಮೇಲಕ್ಕೆ ಹಂತಹಂತವಾಗಿ ನೋಡಿ. ಮೆರುಗು ಕೊಟ್ಟ ಹೆಂಚಿನ ತುಂಡುಗಳನ್ನು ಅಡ್ಡಾದಿಡ್ಡಿ ಏರಿಳಿಯುವ ಗೆರೆಗಳಾಗಿ ಜೋಡಿಸಿರುವುದು ಕಾಣುತ್ತದೆ. ಹಲವು ಕಡೆ ಹೆಂಚು ಉದುರಿಹೋಗಿದ್ದರೂ ಅದು ಕೂತಿದ್ದ ಗಾರೆಯ ಅಚ್ಚು ಉಳಿದಿದೆ. ಆ ಖಾಲಿ ಅಚ್ಚುಗಳನ್ನು ಕಣ್ಣಿನಿಂದಲೇ ತುಂಬಿಕೊಂಡರೆ ಇಡೀ ಮುಂಭಾಗ ನೀಲಿ, ಬಿಳಿ, ಹಳದಿ ಬಣ್ಣಗಳಲ್ಲಿ ಹೊಳೆಯುತ್ತಿದ್ದ ಕಾಲ ಕಲ್ಪನೆಗೆ ಬರುತ್ತದೆ. ಗೋಡೆಯ ಮೇಲಂಚಿನಲ್ಲಿ ನೀಲಿ ನೆಲದ ಮೇಲೆ ಬಿಳಿ ಅಕ್ಷರಗಳಲ್ಲಿ ಕುರಾನಿನ ವಾಕ್ಯಗಳ ಪಟ್ಟಿ ಸಾಗುತ್ತದೆ. ದುರ್ಬೀನು ಬೇಕಾಗುವುದು ಇಲ್ಲಿಯೇ.

ದಖನ್ನಿನಲ್ಲಿ ಇಂತಹ ಕಟ್ಟಡ ಏಕಾಏಕಿ ಹುಟ್ಟಿದ್ದಲ್ಲ. ನಡುವೆ ತೆರೆದ ಅಂಗಳ, ನಾಲ್ಕು ದಿಕ್ಕಿಗೂ ಎತ್ತರದ ಕಮಾನು, ಮೂಲೆಗೆ ಮಿನಾರು ಎಂಬ ವಿನ್ಯಾಸ ಇರಾನಿನ ಖುರಾಸಾನ್ ಮತ್ತು ಸಮರಕಂದದ ಮದರಸಾಗಳದು. ಕಟ್ಟಿಸಿದ ಮಹಮೂದ್ ಗವಾನ್ ಇರಾನಿನ ಗೀಲಾನ್ ಪ್ರಾಂತ್ಯದವನು. 1453ರಲ್ಲಿ ವ್ಯಾಪಾರಿಯಾಗಿ ಬೀದರ್‌ಗೆ ಬಂದು, ಬಹಮನಿ ಸುಲ್ತಾನರ ವಿಶ್ವಾಸ ಗಳಿಸಿ, ಮೂರನೆಯ ಮುಹಮ್ಮದ್ ಶಾಹನ ಕಾಲಕ್ಕೆ ಪ್ರಧಾನಮಂತ್ರಿಯಾಗಿ ರಾಜ್ಯವನ್ನೇ ನಡೆಸಿದನು. ಕುದುರೆ ಮಾರಲು ಬೀದರ್‌ಗೆ ಬಂದಿದ್ದ ರಷ್ಯಾದ ವ್ಯಾಪಾರಿ ಅಫನಾಸಿ ನಿಕಿತಿನ್ ಕೂಡ ತನ್ನ ಪ್ರವಾಸದ ಬರಹದಲ್ಲಿ ಈ ಮಂತ್ರಿಯ ವೈಭವವನ್ನು ಹೇಳಿದ್ದಾನೆ.

ಕಟ್ಟಡ ಮುಗಿದ ವರ್ಷವನ್ನು ತಿಳಿಯಲು ಒಂದು ಸೊಗಸಾದ ಲೆಕ್ಕವಿದೆ, ವಿದ್ಯಾರ್ಥಿಗಳಿಂದ ಸ್ಥಳದಲ್ಲಿಯೇ ಮಾಡಿಸಬಹುದು. ಅರಬ್ಬಿ ಅಕ್ಷರಗಳಿಗೆ ಒಂದೊಂದು ಅಂಕಿಯ ಬೆಲೆಯಿದ್ದು, ಕವಿಗಳು ವರ್ಷವನ್ನು ಮಾತಿನಲ್ಲಿಯೇ ಅಡಗಿಸಿಡುತ್ತಿದ್ದರು. ಈ ಮದರಸಾಕ್ಕೆ ಸಾಮಿ ಎಂಬ ಕವಿ ಆರಿಸಿಕೊಂಡದ್ದು ‘ರಬ್ಬನಾ ತಕಬ್ಬಲ್ ಮಿನ್ನಾ’ ಎಂಬ ಪ್ರಾರ್ಥನೆಯನ್ನು. ‘ನಮ್ಮ ಒಡೆಯನೇ, ನಮ್ಮಿಂದ ಇದನ್ನು ಸ್ವೀಕರಿಸು’ ಎಂದು ಅದರ ಅರ್ಥ. ಮೊದಲ ಪದದ ಅಕ್ಷರಗಳ ಮೊತ್ತ 253, ಎರಡನೆಯದು 532, ಮೂರನೆಯದು 91. ಕೂಡಿದರೆ 876 ಬರುತ್ತದೆ. ಇಸ್ಲಾಮಿ ಪಂಚಾಂಗದ ಹಿಜರಿ 876 ಎಂದರೆ ಕ್ರಿ.ಶ. 1471–72.

ನಾಲ್ಕನೆಯ ಹೆಜ್ಜೆ: ಅಂಗಳವನ್ನು ಅಳೆದು, ಪಾಠದ ಸ್ಥಳ ಹುಡುಕಿ

ಇಡೀ ಕಟ್ಟಡ ಸುಮಾರು 205 ಅಡಿ ಉದ್ದ, 180 ಅಡಿ ಅಗಲ ಇದೆ. ಗುಣಿಸಿದರೆ 36,900 ಚದರ ಅಡಿ, ಅಂದರೆ ಒಂದು ಎಕರೆಗೂ ಕಡಿಮೆ. ಪಾಠಶಾಲೆ, ವಸತಿ, ಗ್ರಂಥಾಲಯ, ಮಸೀದಿ ಎಲ್ಲವೂ ಇಷ್ಟರೊಳಗೇ ಅಡಗಿದ್ದವು. ವಿದ್ಯಾರ್ಥಿಗಳನ್ನು ಎರಡು ಗುಂಪು ಮಾಡಿ, ಒಬ್ಬರು ಹೆಜ್ಜೆ ಎಣಿಸುತ್ತ, ಇನ್ನೊಬ್ಬರು ಟೇಪು ಹಿಡಿದು ಅಳೆದು, ಎರಡನ್ನೂ ಹೋಲಿಸುವಂತೆ ಹೇಳಿದರೆ ಅವರು ಈ ಅಳತೆಯನ್ನು ಮರೆಯುವುದಿಲ್ಲ.

ಅಂಗಳದ ನಡುವೆ ನಿಂತು ಉತ್ತರ, ದಕ್ಷಿಣ, ಪಶ್ಚಿಮಗಳ ಕಡೆ ಒಂದೊಂದಾಗಿ ತಿರುಗಿ. ಮೂರೂ ಬದಿಯ ನಡುಮಧ್ಯದಲ್ಲಿ ಅಂತಸ್ತುಗಳಿಂದ ತುಂಡಾಗದೆ ಕಟ್ಟಡದ ಪೂರ್ತಿ ಎತ್ತರಕ್ಕೆ ಏರುವ ಸಭಾಂಗಣಗಳಿವೆ. ಉಪನ್ಯಾಸಗಳು ನಡೆಯುತ್ತಿದ್ದುದು ಇಲ್ಲಿ. ಹೊರಗಿನಿಂದ ಸುತ್ತಿ ನೋಡಿದರೆ ಇದೇ ಸಭಾಂಗಣಗಳು ಅರೆ ಅಷ್ಟಕೋನಾಕಾರವಾಗಿ ಗೋಡೆಯಿಂದ ಹೊರಚಾಚಿ, ತಲೆಯ ಮೇಲೆ ಗುಮ್ಮಟ ಹೊತ್ತು ನಿಂತಿರುವುದು ತಿಳಿಯುತ್ತದೆ. ಒಬ್ಬರನ್ನು ಒಂದು ತುದಿಗೆ ನಿಲ್ಲಿಸಿ ಸಾಧಾರಣ ಧ್ವನಿಯಲ್ಲಿ ಓದಿಸಿ, ಉಳಿದವರು ದೂರ ನಿಂತು ಕೇಳಿಸಿಕೊಳ್ಳಲಿ. ಮೈಕು ಇಲ್ಲದ ಕಾಲದಲ್ಲಿ ಅಧ್ಯಾಪಕನ ಕಂಠಕ್ಕೆ ಎತ್ತರದ ಮಾಡು ಎಷ್ಟು ಒದಗುತ್ತಿತ್ತು, ಎಷ್ಟು ತೊಡಕಾಗುತ್ತಿತ್ತು ಎಂಬುದನ್ನು ಅವರೇ ನಿರ್ಣಯಿಸಲಿ. ಅರಬ್ಬಿ, ಫಾರಸಿ, ಧರ್ಮಶಾಸ್ತ್ರಗಳ ಜೊತೆಗೆ ತತ್ವಶಾಸ್ತ್ರ, ಗಣಿತ, ಖಗೋಳವಿದ್ಯೆಗಳೂ ಇಲ್ಲಿ ಕಲಿಕೆಯ ವಿಷಯಗಳಾಗಿದ್ದವು.

ಐದನೆಯ ಹೆಜ್ಜೆ: ಕೋಣೆಗಳಲ್ಲಿ ನಿಧಾನಿಸಿ

ವಿದ್ಯಾರ್ಥಿಗಳಿಗೆ 36 ಕೋಣೆಗಳೂ ಅಧ್ಯಾಪಕರಿಗೆ 6 ವಸತಿಗಳೂ ಇದ್ದವೆಂದು ಹೇಳಲಾಗುತ್ತದೆ. ಪ್ರವಾಸಿಗರು ಅತಿ ಕಡಿಮೆ ಹೊತ್ತು ಕಳೆಯುವುದು ಈ ಕೋಣೆಗಳಲ್ಲಿ, ಅತಿ ಹೆಚ್ಚು ಹೊತ್ತು ಕಳೆಯಬೇಕಾದುದೂ ಇಲ್ಲಿಯೇ. ತೆರೆದಿರುವ ಒಂದು ಕೋಣೆಗೆ ಹೋಗಿ, ಗೋಡೆಗೆ ಬೆನ್ನು ಕೊಟ್ಟು ನೆಲದ ಮೇಲೆ ಕುಳಿತುಕೊಳ್ಳಿ. ಬೆಳಕು ಎಲ್ಲಿಂದ ಬರುತ್ತದೆ, ಗಾಳಿ ಎಲ್ಲಿಂದ ಹೊರಗೆ ಹೋಗುತ್ತದೆ, ಪುಸ್ತಕ ಮತ್ತು ದೀಪಕ್ಕೆ ಗೋಡೆಯಲ್ಲಿ ಗೂಡು ಎಲ್ಲಿದೆ ಎಂಬುದನ್ನು ಗಮನಿಸಿ ಬರೆದುಕೊಳ್ಳಿ. ಊಟ, ವಸತಿ, ಪಾಠ ಮೂರೂ ಇಲ್ಲಿ ಉಚಿತವಾಗಿದ್ದವು. ಹಾಸ್ಟೆಲ್ ಕೋಣೆಯ ಇಕ್ಕಟ್ಟಿನ ಬಗ್ಗೆ ಗೊಣಗುವ ನಮ್ಮ ವಿದ್ಯಾರ್ಥಿಗಳು ಇಲ್ಲಿ ಕುಳಿತ ಮೇಲೆ ಗೊಣಗುವುದನ್ನು ಬಿಡುತ್ತಾರೆಂದೇನೂ ಅಲ್ಲ, ಆದರೆ ಹೋಲಿಸಲು ಒಂದು ಅಳತೆ ಸಿಗುತ್ತದೆ.

ಆರನೆಯ ಹೆಜ್ಜೆ: ಪುಸ್ತಕ ಮತ್ತು ಖರ್ಚು

ಮದರಸಾದ ಗ್ರಂಥಾಲಯದಲ್ಲಿ 3,000 ಹಸ್ತಪ್ರತಿಗಳಿದ್ದವೆಂಬುದು ಇತಿಹಾಸಕಾರರ ಹೇಳಿಕೆ. ಅವುಗಳಲ್ಲಿ ಒಂದೂ ಇಂದು ಆ ಗೋಡೆಗಳ ನಡುವೆ ಇಲ್ಲ. ಗವಾನ್ ಸ್ವತಃ ಬರಹಗಾರನಾಗಿದ್ದನು. ಅವನ ಪತ್ರಗಳ ಸಂಗ್ರಹವಾದ ‘ರಿಯಾಜ್-ಉಲ್-ಇನ್ಶಾ’ ಉಳಿದುಬಂದಿದೆ. ಹೇರಾತಿನ ಪ್ರಸಿದ್ಧ ಕವಿ ಜಾಮಿಯೊಡನೆ ಅವನಿಗೆ ಪತ್ರವ್ಯವಹಾರವಿತ್ತು.

ನಾಲ್ಕನೆಯ ಪ್ರಶ್ನೆಗೆ ಉತ್ತರ ಹುಡುಕಲು ಊರಿನಿಂದ ಸ್ವಲ್ಪ ಹೊರಗೆ ಗೋರ್ನಳ್ಳಿಗೆ ಹೋಗಬೇಕು. ಅಲ್ಲಿ ಗವಾನನ ಸಮಾಧಿಯಿದೆ. ಅವನು ತನ್ನ ಸಂಪತ್ತನ್ನು ವಿದ್ಯೆಗೂ ದಾನಕ್ಕೂ ಸುರಿದು, ಮಣ್ಣಿನ ಪಾತ್ರೆಯಲ್ಲಿ ಉಂಡು, ಚಾಪೆಯ ಮೇಲೆ ಮಲಗುತ್ತಿದ್ದನೆಂದು ಹಳೆಯ ಇತಿಹಾಸಕಾರರು ಬರೆದಿದ್ದಾರೆ. ಆಸ್ಥಾನದ ವಿರೋಧಿಗಳು ಅವನ ಮುದ್ರೆಯನ್ನು ಖಾಲಿ ಕಾಗದದ ಮೇಲೆ ಒತ್ತಿಸಿಕೊಂಡು, ಒರಿಸ್ಸಾದ ರಾಜನನ್ನು ದಂಡೆತ್ತಿ ಬರಲು ಕರೆಯುವ ಸುಳ್ಳು ಪತ್ರ ಸೃಷ್ಟಿಸಿದರು. ಸುಲ್ತಾನ ವಿಚಾರಣೆಯಿಲ್ಲದೆ 1481ರ ಏಪ್ರಿಲ್‌ನಲ್ಲಿ ಅವನನ್ನು ಕೊಲ್ಲಿಸಿದನು. ಮರುವರ್ಷ ಸುಲ್ತಾನನೂ ತೀರಿಕೊಂಡನು, ರಾಜ್ಯವೂ ಒಡೆಯತೊಡಗಿತು. ಅಷ್ಟೂರಿನಲ್ಲಿರುವ ಬಹಮನಿ ಸುಲ್ತಾನರ ಭಾರಿ ಗುಮ್ಮಟಗಳನ್ನು ನೋಡಿ ಬಂದವರಿಗೆ ಗೋರ್ನಳ್ಳಿಯ ಈ ಸಮಾಧಿ ತೀರಾ ಸಾಧಾರಣವಾಗಿ ಕಾಣುತ್ತದೆ. ಆದ್ದರಿಂದಲೇ ಬಿಡುವಿದ್ದರೆ ಎರಡನ್ನೂ ಒಂದೇ ಮಧ್ಯಾಹ್ನ ನೋಡಬೇಕು, ಅಷ್ಟೂರನ್ನು ಮೊದಲು. ಕೋಟೆಗೆ ಮಾತ್ರ ಅದೇ ದಿನ ಸಮಯ ಉಳಿಯುವುದಿಲ್ಲ. ರಂಗೀನ್ ಮಹಲಿನ ಮುತ್ತಿನ ಚಿಪ್ಪಿನ ಕೆಲಸವನ್ನು ಓಡುತ್ತ ನೋಡುವುದಕ್ಕಿಂತ ಇನ್ನೊಮ್ಮೆ ಬರುವುದು ಮೇಲು.

ಎರಡನೆಯ ದಿನ: ನಾಗಾವಿ

ಕಲಬುರಗಿ ಜಿಲ್ಲೆಯ ಚಿತ್ತಾಪುರ ಪಟ್ಟಣದ ಪಕ್ಕದಲ್ಲಿರುವ ನಾಗಾವಿ ಬೀದರ್ ಮದರಸಾಕ್ಕಿಂತ ನಾಲ್ಕು ಶತಮಾನ ಹಳೆಯ ವಿದ್ಯಾಕೇಂದ್ರ. ಇಲ್ಲಿಗೆ ಬರುವವರು ಬಹುಪಾಲು ಯಲ್ಲಮ್ಮನ ಭಕ್ತರು, ಘಟಿಕಾಸ್ಥಾನ ನೋಡಲು ಬರುವವರು ಕಡಿಮೆ. ಜಾತ್ರೆಯ ದಿನಗಳನ್ನು ಬಿಟ್ಟು ಹೋದರೆ ಸ್ಮಾರಕಗಳ ನಡುವೆ ನೆಮ್ಮದಿಯಿಂದ ಓಡಾಡಬಹುದು.

ಇಲ್ಲಿ ನೋಡುವ ಕ್ರಮ ಬೇರೆ. ಬೀದರ್‌ನಲ್ಲಿ ಗೋಡೆಗಳಿವೆ, ಅವುಗಳ ದಿನಚರಿಯ ದಾಖಲೆ ಕಡಿಮೆ. ನಾಗಾವಿಯಲ್ಲಿ ವಿದ್ಯಾರ್ಥಿ ಮಲಗಿದ ಕೋಣೆ ಇದೇ ಎಂದು ತೋರಿಸುವುದು ಕಷ್ಟ, ದಾಖಲೆ ಮಾತ್ರ ಕಲ್ಲಿನಲ್ಲಿದೆ. ಆದ್ದರಿಂದ ಶಾಸನದ ಸಾರವನ್ನು ಮನೆಯಲ್ಲಿಯೇ ಓದಿಕೊಂಡು ಹೋಗಬೇಕು. ಕಲ್ಯಾಣ ಚಾಲುಕ್ಯರ ತ್ರೈಲೋಕ್ಯಮಲ್ಲ ಒಂದನೆಯ ಸೋಮೇಶ್ವರನ ಕಾಲದಲ್ಲಿ, 1058ರಲ್ಲಿ, ದಂಡನಾಯಕ ಮಧುಸೂದನನು ಇಲ್ಲಿ ದೇವಾಲಯದ ಜೊತೆಗೆ ಘಟಿಕಾಶಾಲೆಯನ್ನು ಕಟ್ಟಿಸಿ ದತ್ತಿ ಬಿಟ್ಟನು. ವೇದ ಓದುವ 200 ವಿದ್ಯಾರ್ಥಿಗಳು, ಶಾಸ್ತ್ರ ಓದುವ ಸುಮಾರು 50 ವಿದ್ಯಾರ್ಥಿಗಳು, ವೇದಕ್ಕೆ ಮೂವರು ಅಧ್ಯಾಪಕರು, ಶಾಸ್ತ್ರಗಳಿಗೆ ಮೂವರು ಅಧ್ಯಾಪಕರು ಎಂದು ಶಾಸನ ಲೆಕ್ಕ ಕೊಡುತ್ತದೆ. ಶಾಸ್ತ್ರದ ಮೂವರಲ್ಲಿ ಒಬ್ಬರು ಭಟ್ಟದರ್ಶನಕ್ಕೆ, ಒಬ್ಬರು ನ್ಯಾಸವೆಂಬ ವ್ಯಾಕರಣದ ವ್ಯಾಖ್ಯಾನಕ್ಕೆ, ಒಬ್ಬರು ಪ್ರಾಭಾಕರ ಮತಕ್ಕೆ. ಅಂದರೆ ವೇದವಾಕ್ಯಗಳ ಅರ್ಥವನ್ನು ವಿಚಾರಿಸುವ ಮೀಮಾಂಸೆಯಲ್ಲಿ ಒಂದನ್ನೊಂದು ಖಂಡಿಸುವ ಭಟ್ಟ, ಪ್ರಾಭಾಕರ ಎಂಬ ಎರಡು ಪಂಥಗಳನ್ನೂ ಒಂದೇ ಸೂರಿನಡಿ ಕಲಿಸಲು ಸಂಬಳ ಕೊಡಲಾಗುತ್ತಿತ್ತು.

ಈ ಪಟ್ಟಿಯಲ್ಲಿ ನಿಂತು ನೋಡಬೇಕಾದ ಇನ್ನೊಂದು ಸಾಲು ಸರಸ್ವತೀ ಭಂಡಾರಿಗರದು. ಓಲೆಗರಿಯ ಗ್ರಂಥಗಳನ್ನು ಕಾಯುವ, ಅಂದರೆ ಗ್ರಂಥಪಾಲಕರಾದ ಇವರು ಒಟ್ಟು ಆರು ಜನ. ಅಧ್ಯಾಪಕರೆಷ್ಟೋ ಗ್ರಂಥಪಾಲಕರೂ ಅಷ್ಟೇ. ಅವರಿಗೂ ಅಧ್ಯಾಪಕರಂತೆಯೇ ಜೀವನಕ್ಕೆ ಭೂಮಿಯನ್ನು ಬಿಡಲಾಗಿತ್ತು. ಬೀದರ್‌ನಲ್ಲಿ ಪುಸ್ತಕಗಳ ಸಂಖ್ಯೆ ಗೊತ್ತಾದರೆ ನಾಗಾವಿಯಲ್ಲಿ ಅವನ್ನು ನೋಡಿಕೊಳ್ಳುವವರ ಸಂಖ್ಯೆ ಗೊತ್ತಾಗುತ್ತದೆ. ಗ್ರಂಥಪಾಲಕರ ಹುದ್ದೆಗಳನ್ನು ವರ್ಷಗಟ್ಟಲೆ ತುಂಬದೆ ಬಿಡುವ ಇಂದಿನ ಕಾಲೇಜುಗಳ ಆಡಳಿತ ಮಂಡಳಿಗಳನ್ನು ಒಮ್ಮೆ ಇಲ್ಲಿಗೆ ಕರೆತರುವುದು ಒಳ್ಳೆಯದು.

ಇಷ್ಟನ್ನು ತಲೆಯಲ್ಲಿಟ್ಟುಕೊಂಡು ಅರವತ್ತು ಕಂಬದ ಗುಡಿಗೆ ಹೋಗಿ. ಕಂಬಗಳ ಸಾಲಿನ ನಡುವೆ ನಡೆದು, ಒಂದು ಕಂಬದ ಕೆತ್ತನೆಯನ್ನಾದರೂ ಬುಡದಿಂದ ಬೋದಿಗೆಯವರೆಗೆ ಕಾಗದದ ಮೇಲೆ ಬರೆದುಕೊಳ್ಳಿ. ಶಾಸನದ ಕಲ್ಲನ್ನು ಕೈಯಿಂದ ಉಜ್ಜುವುದು, ಅಕ್ಷರ ಕಾಣಲೆಂದು ಸುಣ್ಣ ಅಥವಾ ಬಣ್ಣ ತುಂಬುವುದು ಸಲ್ಲದು. ಸೂರ್ಯ ಓರೆಯಾಗಿರುವ ಬೆಳಗ್ಗೆ ಅಥವಾ ಸಂಜೆ ನೋಡಿದರೆ ಅಕ್ಷರಗಳ ಅಂಚಿಗೆ ನೆರಳು ಬಿದ್ದು ಅವು ತಾವಾಗಿಯೇ ಕಾಣುತ್ತವೆ.

ಕೊನೆಯ ನಿಲುಗಡೆ: ಜ್ಞಾನಗಂಗೆ

ಕಲಬುರಗಿಯಿಂದ ಸೇಡಂ ಕಡೆಗಿನ ರಸ್ತೆಯಲ್ಲಿರುವ ಗುಲಬರ್ಗಾ ವಿಶ್ವವಿದ್ಯಾಲಯದ ಆವರಣ ಸುಮಾರು 860 ಎಕರೆ. 1970ರಲ್ಲಿ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರವಾಗಿ ಆರಂಭವಾದ ಇದು 1980ರಲ್ಲಿ ಸ್ವತಂತ್ರ ವಿಶ್ವವಿದ್ಯಾಲಯವಾಯಿತು. ಒಂದು ಎಕರೆಯ ಮದರಸಾ ನೋಡಿ ಬಂದ ಕಾಲಿಗೆ ಇಲ್ಲಿನ ದೂರಗಳು ದೊಡ್ಡವೆನಿಸುತ್ತವೆ. ಹೀಗಾಗಿ ಎಲ್ಲ ವಿಭಾಗಗಳನ್ನೂ ಸುತ್ತುವ ಯೋಚನೆ ಬೇಡ. ಅವೇ ನಾಲ್ಕು ಪ್ರಶ್ನೆಗಳಂತೆ ಒಂದು ತರಗತಿ ಕೊಠಡಿ, ಒಂದು ವಿದ್ಯಾರ್ಥಿ ನಿಲಯದ ಹೊರನೋಟ, ಗ್ರಂಥಾಲಯ, ಆಡಳಿತ ಕಚೇರಿ ನೋಡಿದರೆ ಸಾಕು. ಕನ್ನಡದಲ್ಲಿ ಆಸಕ್ತಿಯುಳ್ಳವರು ಕನ್ನಡ ಅಧ್ಯಯನ ಸಂಸ್ಥೆಯನ್ನೂ ಪುಸ್ತಕ ಪ್ರಕಟಿಸುವ ಪ್ರಸಾರಾಂಗವನ್ನೂ ಸೇರಿಸಿಕೊಳ್ಳಬಹುದು. ಪ್ರಸಾರಾಂಗವು ನಡೆಸಿಕೊಂಡು ಬಂದಿರುವ ಕಥಾಸ್ಪರ್ಧೆ ಮತ್ತು ರಾಜ್ಯೋತ್ಸವ ಪುಸ್ತಕ ಪ್ರಶಸ್ತಿಗಳು ಈ ಭಾಗದ ಬರಹಗಾರರಿಗೆ ಬಹಳ ಪರಿಚಿತವಾದ ಸಂಪ್ರದಾಯ. ಆವರಣಕ್ಕೆ ಹೊಂದಿಕೊಂಡಂತೆಯೇ ಬುದ್ಧ ವಿಹಾರವಿದ್ದು, ಸಂಜೆಯ ಹೊತ್ತು ಅಲ್ಲಿಗೂ ಹೋಗಬಹುದು.

ವಿಭಾಗಗಳು ತೆರೆದಿರುವ ಕೆಲಸದ ದಿನವನ್ನೇ ಆರಿಸಿಕೊಳ್ಳಿ, ಪರೀಕ್ಷೆಯ ದಿನಗಳಲ್ಲಿ ಗುಂಪಾಗಿ ಹೋಗಬೇಡಿ. ಗ್ರಂಥಾಲಯದೊಳಗೆ ಹೋಗಬೇಕೆಂದಿದ್ದರೆ ನಿಮ್ಮ ಕಾಲೇಜಿನ ಪ್ರಾಂಶುಪಾಲರಿಂದ ಮುಂಚಿತವಾಗಿಯೇ ಪತ್ರ ಕಳುಹಿಸಿ, ಬರುವವರ ಸಂಖ್ಯೆ, ದಿನಾಂಕ, ಹೊತ್ತುಗಳನ್ನು ಅದರಲ್ಲಿ ಬರೆಯಿಸಿರಿ. ಪ್ರತಿಯೊಬ್ಬರೂ ಗುರುತಿನ ಚೀಟಿ ತರಲಿ. ಹಸ್ತಪ್ರತಿಗಳನ್ನು ನೋಡುವ ಇಚ್ಛೆಯಿದ್ದರೆ ಆ ಮಾತನ್ನೂ ಪತ್ರದಲ್ಲಿಯೇ ಸೇರಿಸಿ ವಿಭಾಗದ ಮುಖ್ಯಸ್ಥರ ಅನುಮತಿ ಕೇಳಬೇಕು. ಓಲೆಗರಿ ತೆರೆದಾಗ ಫ್ಲ್ಯಾಷ್ ಹಾಕಿ ಫೋಟೊ ತೆಗೆಯಬಾರದು, ಒದ್ದೆ ಕೈಯಲ್ಲಿ ಮುಟ್ಟಬಾರದು.